ಹುಬ್ಬು ಕೊಟ್ಟ ಮಾತು

ಫಲೆಮೊವಾನ ಊರಿನ ಫಿಲೆಮು ಹುಟ್ಟಿದ ದಿನ ಕಣ್ಣು ಮುಚ್ಚಿ ಹಾಯಾಗಿ ನಿದ್ದೆ ಮಾಡುತ್ತಿದ್ದನಂತೆ. ಅದನ್ನು ನಂಬಿ ಅವನಜ್ಜಿ ‘ಫಿಲೆಮು’ ಎಂದು ಹೆಸರಿಟ್ಟಳು. ನಮ್ಮ ಸಮೋವಾದ ಮಾತಿನಲ್ಲಿ ಹಾಗೆಂದರೆ ಸದ್ದಿಲ್ಲದವನು, ಶಾಂತ. ಮಗು ಎಚ್ಚರವಾದ ಮೇಲೆ ತಾನು ಮೋಸಹೋದದ್ದು ಅಜ್ಜಿಗೆ ತಿಳಿಯಿತು. ಅಷ್ಟರಲ್ಲಿ ಪಾದ್ರಿಗಳು ತಲೆಗೆ ನೀರು ಹಾಕಿಯಾಗಿತ್ತು, ಹೆಸರು ಹಿಂದಕ್ಕೆ ಪಡೆಯುವಂತಿರಲಿಲ್ಲ. ಅಂದಿನಿಂದ ಐವತ್ತು ದಾಟುವವರೆಗೆ ಫಿಲೆಮು ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ.

ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಮಾತು ಅವನಿಗಾಗಿಯೇ ಹುಟ್ಟಿದ್ದು. ಆ ಬಾಯಿಯ ದೆಸೆಯಿಂದಲೇ ಅವನಿಗೆ ಕಂಬ ಸಿಕ್ಕಿರಲಿಲ್ಲ. ಊರಿನ ಸಭೆಮನೆಗೆ ಗೋಡೆಗಳಿಲ್ಲ, ಸುತ್ತ ಬರೀ ಕಂಬಗಳು. ಮತಾಯಿ ಎಂಬ ಪದವಿ ಪಡೆದ ಯಜಮಾನರು ತಮ್ಮ ತಮ್ಮ ಕಂಬಕ್ಕೆ ಬೆನ್ನು ಕೊಟ್ಟು ಚಾಪೆಯ ಮೇಲೆ ಕೂರುತ್ತಾರೆ. ಪದವಿಯಿಲ್ಲದವರು ಹೊರಗೆ ಬೆಣಚುಕಲ್ಲಿನ ಮೇಲೆ ಕೂತು, ಯಜಮಾನರು ಕುಡಿಯುವ ಅವಾ ಎಂಬ ಪಾನೀಯಕ್ಕೆ ಬೇರು ಕುಟ್ಟಬೇಕು, ಉಮು ಒಲೆಗೆ ಕಲ್ಲು ಹೊರಬೇಕು. ಫಿಲೆಮುವಿನ ಜೊತೆ ಗೋಲಿ ಆಡಿದವರೆಲ್ಲ ಒಳಗೆ ಕಂಬಕ್ಕೆ ಒರಗಿ ತೂಕಡಿಸುತ್ತಿದ್ದರು. ಅವನು ಮಾತ್ರ ಇನ್ನೂ ಮೀಸೆ ಬಾರದ ಹುಡುಗರ ಸಾಲಿನಲ್ಲಿ ಕೂತು ಬೇರು ಕುಟ್ಟುತ್ತಿದ್ದ. ಅವನ ಸೋದರಮಾವ ಸತ್ತ ಮೇಲೆ ಒಂದು ಕಂಬ ಖಾಲಿಯಾಗಿತ್ತು. ಪದವಿ ಫಿಲೆಮುವಿಗೇ ಸಲ್ಲಬೇಕಾದದ್ದು. ಆದರೆ ಹಿರಿಯ ಮತಾಯಿ ಮಾನುಲೆಲೆ, “ಇವನನ್ನ ಒಳಗೆ ಕೂರಿಸಿದ್ರೆ ಸಭೆ ಮುಗಿಯೋದು ಯಾವಾಗ?” ಎಂದು ಕೇಳಿ ಸುಮ್ಮನಾಗಿಬಿಟ್ಟಿದ್ದರು. ಆ ಕಂಬಕ್ಕೆ ಸದ್ಯಕ್ಕೆ ಊರಿನ ಕಂದು ನಾಯಿಯೊಂದು ಬೆನ್ನು ಕೊಟ್ಟು ಮಲಗುತ್ತಿತ್ತು. ನಾಯಿಗಿರುವ ಯೋಗ ತನಗಿಲ್ಲವಲ್ಲ ಎಂದು ಫಿಲೆಮುವಿನ ಹೊಟ್ಟೆ ಉರಿಯುತ್ತಿತ್ತು. ಬೆನ್ನೂ ನೋಯುತ್ತಿತ್ತು.

ಆ ಸಲ ಸಭೆಯಲ್ಲಿ ಚರ್ಚೆಗೆ ಬಂದದ್ದು ಚರ್ಚಿನ ಹೊಸ ಭವನ. ಶನಿವಾರ ಸಂಜೆ ಅದರ ಉದ್ಘಾಟನೆ. ಪಕ್ಕದ ಊರಿನವರು ತಮ್ಮ ಭವನಕ್ಕೆ ಒಬ್ಬ ರಗ್ಬಿ ಆಟಗಾರನನ್ನು ಕರೆಸಿದ್ದರು. ಅವನಿಗಿಂತ ದೊಡ್ಡವರು ಯಾರು ಎಂದು ಯಜಮಾನರು ತಲೆ ಕೆರೆದುಕೊಳ್ಳುತ್ತಿದ್ದಾಗ ಹೊರಗಿನಿಂದ ಒಂದು ದನಿ ಬಂತು.

“ಕಲೈವಿನ ಕರೆಸಿದ್ರೆ ಹೇಗೆ?”

ಕಲೈವಿ ಎಂದರೆ ಕ್ಲೈವ್ ಸ್ಟಾರ್ಲಿಂಗ್. ಎಪ್ಪತ್ತಾರು ವರ್ಷದ ಇಂಗ್ಲಿಷ್ ಹಾಡುಗಾರ. ಅವನ ‘ನಿನ್ನ ಬಾಗಿಲಲ್ಲೇ ನನ್ನ ಚಪ್ಪಲಿ’ ಹಾಡು ಇಲ್ಲದೆ ನಮ್ಮ ದ್ವೀಪದಲ್ಲಿ ಎರಡು ತಲೆಮಾರು ಮದುವೆಗಳು ಆಗಿಲ್ಲ. ಅವನೀಗ ಕಟ್ಟಕಡೆಯ ವಿಶ್ವಪರ್ಯಟನೆ ಹೊರಟಿದ್ದ. ಇದು ಅವನ ಮೂರನೇ ಕಟ್ಟಕಡೆಯ ವಿಶ್ವಪರ್ಯಟನೆ. ಭೂಮಿಯಲ್ಲಿ ದಿನ ಮೊದಲು ಹುಟ್ಟುವುದು ನಮ್ಮಲ್ಲಿ ಎಂದು ಯಾರೋ ಅವನ ಕಡೆಯವರು ಕಂಡುಹಿಡಿದು, ಮೊದಲ ಕಛೇರಿ ಅಪಿಯಾದಲ್ಲಿ, ಅದೂ ಶನಿವಾರ ಸೂರ್ಯ ಹುಟ್ಟುವ ಹೊತ್ತಿಗೆ ಎಂದು ಜಗತ್ತಿಗೆಲ್ಲ ಸಾರಿದ್ದರು. ಫಿಲೆಮು ಅಪಿಯಾದ ಹೋಟೆಲೊಂದರ ವ್ಯಾನ್ ಓಡಿಸುತ್ತಿದ್ದ. ಕಲೈವಿಯನ್ನು ವಿಮಾನ ನಿಲ್ದಾಣದಿಂದ ಕರೆತರುವ ಕೆಲಸ ಅವನ ಪಾಲಿಗೆ ಬಂದಿತ್ತು.

“ನಿಂಗೇನು ಅವನು ಅಣ್ಣ ಆಗ್ಬೇಕಾ, ತಮ್ಮ ಆಗ್ಬೇಕಾ?” ಎಂದರು ಮಾನುಲೆಲೆ.

“ನಾಳೆ ನನ್ನ ವ್ಯಾನಲ್ಲಿ ಕೂತ್ಕೋತಾನೆ ಯಜಮಾನ್ರೇ. ನಾನು ಒಂದು ಮಾತು ಕೇಳಿದ್ರೆ ಇಲ್ಲ ಅನ್ನಲ್ಲ.”

ಸಭೆ ನಕ್ಕಿತು. ನಾಯಿಯೂ ಒಂದು ಕಣ್ಣು ತೆರೆದು ನೋಡಿತು. ಫಿಲೆಮುವಿಗೆ ಅದು ಸಾಕಾಯಿತು.

ಮಾರನೆಯ ದಿನ ಕಲೈವಿ ವ್ಯಾನಿನ ಹಿಂದಿನ ಸೀಟಿನಲ್ಲಿ ಕೂತ. ಮುಂದಿನ ಸೀಟಿನಲ್ಲಿ ಅವನ ವ್ಯವಸ್ಥೆ ನೋಡಿಕೊಳ್ಳುವ ಪ್ರುಡೆನ್ಸ್ ಎಂಬ ಸಣಕಲು ಹೆಂಗಸು. ಅವಳ ಎರಡು ಕಿವಿಗೂ ಒಂದೊಂದು ಫೋನು, ಎರಡರಲ್ಲೂ ಜಗಳ. ಫಿಲೆಮು ಕನ್ನಡಿಯಲ್ಲಿ ಹಿಂದೆ ನೋಡಿ, ಪ್ರವಾಸಿಗರಿಂದ ಕಲಿತ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿದ.

“ಸರ್, ನಮ್ಮ ಊರು. ಹೊಸ ಭವನ, ದೇವರದು. ಶನಿವಾರ ಸಂಜೆ. ನೀವು ಬರುತ್ತೆ? ಒಂದು ಹಾಡು ಹಾಡುತ್ತೆ?”

ಕನ್ನಡಿಯಲ್ಲಿ ಕಲೈವಿಯ ಹುಬ್ಬುಗಳು ಮೇಲೆ ಹೋಗಿದ್ದವು. ನಮ್ಮಲ್ಲಿ ಹೌದು ಅನ್ನುವುದಕ್ಕೆ ಯಾರೂ ಬಾಯಿ ದಂಡ ಮಾಡುವುದಿಲ್ಲ, ಹುಬ್ಬು ಎತ್ತಿದರೆ ಮುಗಿಯಿತು. ಅಂಗಡಿಯಲ್ಲಿ ಉಪ್ಪಿದೆಯೇ ಎಂದರೆ ಹುಬ್ಬು, ಈ ಹುಡುಗಿಯನ್ನು ಮದುವೆಯಾಗುತ್ತೀಯಾ ಎಂದರೂ ಹುಬ್ಬು. ಫಿಲೆಮುವಿಗೆ ಕುಣಿಯುವಂತಾಯಿತು. ಗಟ್ಟಿ ಮಾಡಿಕೊಳ್ಳೋಣವೆಂದು ಮತ್ತೆ ಕೇಳಿದ.

“ಊಟ ಮಾಡುತ್ತೆ? ಹಂದಿ, ಪಲುಸಾಮಿ, ಎಲ್ಲ?”

ಹುಬ್ಬು ಮೇಲೇ ಇತ್ತು. ಅದು ಪ್ರಶ್ನೆ ಕೇಳುವ ಮೊದಲೂ ಮೇಲೇ ಇತ್ತು ಎನ್ನುವುದನ್ನು ಫಿಲೆಮು ಗಮನಿಸಿದ. ದೊಡ್ಡವರು ಕೇಳುವ ಮೊದಲೇ ಒಪ್ಪಿಬಿಡುತ್ತಾರೆ ಎಂದುಕೊಂಡ. ಅರವತ್ತು ವರ್ಷ ಧ್ವನಿವರ್ಧಕಗಳ ಮುಂದೆ ನಿಂತು ಕಲೈವಿಯ ಕಿವಿ ಕೆಟ್ಟಿದೆ, ವೇದಿಕೆ ಇಳಿದ ಕೂಡಲೇ ಕಿವಿಯ ಯಂತ್ರ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾನೆ ಎಂಬುದನ್ನು ಫಿಲೆಮುವಿಗೆ ಯಾರೂ ಹೇಳಿರಲಿಲ್ಲ.

ಸಂಜೆ ಊರಿಗೆ ಬಂದವನು ನೇರ ಸಭೆಮನೆಯ ಮುಂದೆ ನಿಂತ.

“ಒಪ್ಪಿದಾನೆ.”

“ಹುಬ್ಬು ಎತ್ತಿದ್ನಾ?” ಎಂದರು ಮಾನುಲೆಲೆ.

“ಎತ್ತಿದ ಯಜಮಾನ್ರೇ. ಅಪಿಯಾ ಬರೋವರೆಗೂ ಇಳಿಸ್ಲೇ ಇಲ್ಲ.”

“ಇಳಿಸ್ಲೇ ಇಲ್ಲ ಅಂದ್ರೆ ಬಹಳ ಮನಸ್ಸಿಟ್ಟು ಒಪ್ಪಿದಾನೆ,” ಎಂದು ಒಬ್ಬ ಯಜಮಾನ ತಲೆದೂಗಿದ. ಮಾನುಲೆಲೆ ತೀರ್ಪು ಕೊಟ್ಟರು. ಕಲೈವಿ ಬಂದರೆ ಸೋದರಮಾವನ ಪದವಿಯೂ ಕಂಬವೂ ಫಿಲೆಮುವಿಗೆ. ಬಾರದಿದ್ದರೆ ಅವನ ಮನೆಯ ದೊಡ್ಡ ಹೆಣ್ಣುಹಂದಿ ಊರಿಗೆ ದಂಡ, ಮತ್ತು ಸಾಯುವವರೆಗೆ ಅವನು ಕಂಬದ ಸುದ್ದಿ ಎತ್ತುವಂತಿಲ್ಲ.

ಫಿಲೆಮುವಿನ ಹೆಂಡತಿ ಫೆತು ಇದನ್ನು ಕೇಳಿ ಟಾರೊ ಗೆಡ್ಡೆ ಸುಲಿಯುವುದನ್ನು ನಿಲ್ಲಿಸಿದಳು.

“ರೀ, ಅವನು ಬಾಯಿಬಿಟ್ಟು ಏನಾದ್ರೂ ಅಂದ್ನಾ?”

“ಹುಬ್ಬು ಎತ್ತಿದ ಮೇಲೆ ಬಾಯಿ ಯಾಕೆ?”

“ಪಲಾಂಗಿಗಳು ಹುಬ್ಬಲ್ಲಿ ಮಾತಾಡಲ್ಲ ರೀ. ಬಿಳಿಯರಿಗೆ ಹುಬ್ಬು ಬರೀ ಅಲಂಕಾರಕ್ಕೆ.”

“ನಿಂಗೆ ಗೊತ್ತಿಲ್ಲ. ಅವನು ಪ್ರಪಂಚ ಸುತ್ತಿದವನು. ಎಲ್ಲಾ ಕಡೆ ಪದ್ಧತಿ ಕಲ್ತಿರ್ತಾನೆ.”

“ಹಂದಿ ನಾನು ಸಾಕಿದ್ದು, ನೀವಲ್ಲ. ಅದು ನೆನಪಿರಲಿ,” ಎಂದು ಫೆತು ಗೆಡ್ಡೆಯ ಮೇಲೆ ಸಿಟ್ಟು ತೀರಿಸಿಕೊಂಡಳು.

ಅಷ್ಟರಲ್ಲಿ ಊರಿಗೆ ಊರೇ ಕೆಲಸಕ್ಕಿಳಿದಿತ್ತು. ಆಕ್ಲೆಂಡಿನಲ್ಲಿದ್ದ ನೆಂಟರು ವಿಮಾನ ಹತ್ತಿದರು. ಗಾಯಕವೃಂದದವರು ‘ಚಪ್ಪಲಿ’ ಹಾಡಿಗೆ ನಾಲ್ಕು ದನಿ ಕೂಡಿಸಿ, ಅದನ್ನು ಸ್ತೋತ್ರಗೀತೆಯಷ್ಟು ನಿಧಾನ ಮಾಡಿದರು. ಪಕ್ಕದ ಊರಿನವರು ಬೇಲಿಯಾಚೆ ನಿಂತು, “ನಿಮ್ಮ ಕಲೈವಿ ಬರೋದು ನಿಜವಾ, ಇಲ್ಲಾ ಫಿಲೆಮು ಹೇಳಿದ್ದಾ?” ಎಂದು ಕೇಳಿ ಹೋದರು. ಈ ಎರಡೂ ಬೇರೆ ಬೇರೆ ಸಂಗತಿ ಎಂಬುದು ಸುತ್ತಮುತ್ತಲ ಊರಿಗೆಲ್ಲ ತಿಳಿದದ್ದೇ.

ಎಲ್ಲರಿಗಿಂತ ಹೆಚ್ಚು ಚುರುಕಾದವರು ಮಾನುಲೆಲೆಯವರ ಅಕ್ಕ ತಲಿತಾ. ಎಪ್ಪತ್ತರ ಮೇಲಿನ ವಿಧವೆ, ಕೈಯಲ್ಲಿ ಊರುಗೋಲು. ಆ ಕೋಲು ನೆಲ ಮುಟ್ಟುವುದಕ್ಕಿಂತ ಜನರನ್ನು ಮುಟ್ಟುತ್ತಿದ್ದುದೇ ಹೆಚ್ಚು. ಆಕೆ ಫಿಲೆಮುವನ್ನು ಪಕ್ಕಕ್ಕೆ ಕರೆದರು.

“ಅವನಿಗೆ ಹೆಂಡ್ತಿ ಇದಾಳೇನೋ?”

“ನಾಲ್ಕು ಜನ ಆಗಿದ್ರಂತೆ ಅಮ್ಮ. ಈಗ ಯಾರೂ ಇಲ್ವಂತೆ.”

“ನಾಲ್ಕು ಜನ ಬಿಟ್ಟೋದ್ರು ಅಂದ್ರೆ ಒಬ್ಬಳೂ ಸರಿಯಾಗಿ ಬೇಯಿಸಿ ಹಾಕಿಲ್ಲ. ನನ್ನ ವಿಷಯ ಕೇಳು.”

“ಅಮ್ಮ, ನಾನು ಹೇಗೆ...”

ಕೋಲು ಫಿಲೆಮುವಿನ ಮೊಣಕಾಲು ಮುಟ್ಟಿತು. ಮರುದಿನ ಕಲೈವಿಯನ್ನು ತಾಲೀಮಿಗೆ ಕರೆದೊಯ್ಯುವಾಗ ಅವನು ಎಲ್ಲವನ್ನೂ ಕೇಳಿದ. ನಮ್ಮೂರಿನ ಒಂದು ಗೌರವ ಪದವಿ ತಗೊಳ್ಳುತ್ತೆ? ಹುಬ್ಬು. ಭವನದ ಚಾವಣಿಗೆ ಏನಾದರೂ ಕೊಡುತ್ತೆ? ಹುಬ್ಬು. ಕೊನೆಗೆ, “ಸರ್, ನಮ್ಮ ಯಜಮಾನರ ಅಕ್ಕ. ಒಳ್ಳೇ ಹೆಂಗಸು. ಸ್ವಲ್ಪ ಕೋಲು. ನೀವು ಮದುವೆ ಆಗುತ್ತೆ?” ಎಂದ. ಹುಬ್ಬು ಕದಲಲಿಲ್ಲ. ಫಿಲೆಮುವಿಗೆ ಕಣ್ಣಲ್ಲಿ ನೀರು ಬಂತು. ಇಂಥ ಔದಾರ್ಯವನ್ನು ಅವನು ಸ್ವಂತ ನೆಂಟರಲ್ಲೂ ಕಂಡಿರಲಿಲ್ಲ.

ಶನಿವಾರ ಸೂರ್ಯ ಹುಟ್ಟುವ ಹೊತ್ತಿಗೆ ಅಪಿಯಾದ ಮೈದಾನ ತುಂಬಿತ್ತು. ಕಲೈವಿ ಬೆಳ್ಳಿ ಬಣ್ಣದ ಕೋಟು ತೊಟ್ಟು ಬಂದ. ಹಾಡಿದ್ದಕ್ಕಿಂತ ಹೆಚ್ಚಾಗಿ ಮೈಕನ್ನು ಜನರ ಕಡೆ ಚಾಚಿದ, ಜನ ಅವನಿಗಿಂತ ಚೆನ್ನಾಗಿ ಹಾಡಿದರು. ಇದು ನನ್ನ ಕಟ್ಟಕಡೆಯ ಪರ್ಯಟನೆ ಎಂದು ಅವನು ಅಂದಾಗ ಎಲ್ಲರೂ ಅತ್ತರು. ಹಿಂದಿನ ಎರಡು ಸಲ ಅತ್ತಿದ್ದವರು ಅಭ್ಯಾಸಬಲದಿಂದ ಇನ್ನೂ ಜೋರಾಗಿ ಅತ್ತರು.

ಕಛೇರಿ ಮುಗಿದ ಮೇಲೆ ಫಿಲೆಮು ಪ್ರುಡೆನ್ಸಳ ಹತ್ತಿರ ಹೋಗಿ, ಸಂಜೆ ಊರಿಗೆ ಎಷ್ಟು ಹೊತ್ತಿಗೆ ಹೊರಡೋಣ ಎಂದು ಕೇಳಿದ.

“ಯಾವ ಊರು?” ಎಂದಳು ಪ್ರುಡೆನ್ಸ್. “ಸಂಜೆ ವಿಮಾನ ಇದೆ. ಹೊನೊಲುಲು.”

“ಆದ್ರೆ ಸರ್ ಒಪ್ಪಿದಾರೆ. ಹುಬ್ಬು ಎತ್ತಿದಾರೆ.”

ಪ್ರುಡೆನ್ಸ್ ಎರಡೂ ಫೋನುಗಳನ್ನು ಕೆಳಗಿಟ್ಟಳು. ಅವಳ ವೃತ್ತಿಜೀವನದಲ್ಲಿ ಅದು ಅಪರೂಪ.

“ನೋಡಪ್ಪ, ಅವು ಎತ್ತಿದ್ದಲ್ಲ. ಡಾಕ್ಟರು ಮೇಲಕ್ಕೆ ಎಳೆದು ಹೊಲಿದಿದ್ದು. ಮೊದಲ ಕಡೇ ಪರ್ಯಟನೆಗೆ ಒಂದ್ಸಲ, ಎರಡನೇದಕ್ಕೆ ಒಂದ್ಸಲ, ಈ ಸಲಕ್ಕೆ ಒಂದ್ಸಲ. ಈಗ ಅವು ಇಳಿಯೋದೇ ಇಲ್ಲ. ನಿದ್ದೇಲೂ ಹಾಗೇ ಇರ್ತವೆ. ಅವನ ಅಣ್ಣ ಸತ್ತಾಗ ಸ್ಮಶಾನದಲ್ಲಿ ಎಲ್ಲರೂ ಏನಪ್ಪಾ ಇವನಿಗೆ ಇಷ್ಟು ಆಶ್ಚರ್ಯ ಅಂತಿದ್ರು.”

ಫಿಲೆಮು ಏನೂ ಹೇಳಲಿಲ್ಲ. ಹುಟ್ಟಿದ ದಿನದ ನಂತರ ಅವನು ಮೌನವಾಗಿದ್ದದ್ದು ಅದೇ ಮೊದಲು. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಫೆತು.

“ರೀ, ಹಂದಿಗಳು ಉಮುಗೆ ಇಳಿದವು. ಪಕ್ಕದೂರಿನವರೂ ಬಂದು ಕೂತಿದಾರೆ, ನೀವು ಸುಳ್ಳಾದ್ರೆ ನೋಡ್ಬೇಕಂತೆ. ಬೇಗ ಕರ್ಕೊಂಡ್ ಬನ್ನಿ.”

ವಿಮಾನ ನಿಲ್ದಾಣಕ್ಕೆ ಇರುವುದು ಒಂದೇ ರಸ್ತೆ, ಅದು ಫಲೆಮೊವಾನದ ಎದೆಯ ಮೇಲೇ ಹೋಗುತ್ತದೆ. ಫಿಲೆಮು ಒಂದು ತೀರ್ಮಾನಕ್ಕೆ ಬಂದ. ಊರು ಬಂದಾಗ ತಲೆ ತಗ್ಗಿಸಿ, ಕಾಲು ಒತ್ತಿ ದಾಟಿಬಿಡುವುದು. ಆಮೇಲೆ ಆಕ್ಲೆಂಡಿಗೆ ಹೋಗಿ ನೆಂಟರ ಮನೆಯಲ್ಲಿ ಸಾಯುವವರೆಗೆ ಇದ್ದುಬಿಡುವುದು. ಹಂದಿ ಹೋಗಲಿ, ಕಂಬ ಹೋಗುತ್ತದಲ್ಲ ಎನ್ನುವುದೇ ಅವನನ್ನು ತಿನ್ನುತ್ತಿತ್ತು.

ತೀರ್ಮಾನವೇನೋ ಚೆನ್ನಾಗಿತ್ತು, ಆದರೆ ಪ್ರುಡೆನ್ಸ್ ಫೋನಿನ ಜಗಳ ಮುಗಿಸಿ ಹೊರಡುವುದು ತಡವಾಯಿತು. ವ್ಯಾನು ಊರಿನ ಮೊದಲ ತೆಂಗಿನಮರ ದಾಟುತ್ತಿದ್ದಂತೆ ಭೋಂ ಎಂದು ಶಂಖ ಮೊಳಗಿತು. ಸಂಜೆಯ ಪ್ರಾರ್ಥನೆ. ಶಂಖ ಊದಿದ ಮೇಲೆ ನಮ್ಮೂರಿನ ರಸ್ತೆಯಲ್ಲಿ ಪ್ರಧಾನಮಂತ್ರಿಯ ಕಾರೂ ಅಲುಗಾಡುವಂತಿಲ್ಲ. ಪಂಚೆಯಂತೆ ಲಾವಾಲಾವಾ ಉಟ್ಟ ತರುಣರು ರಸ್ತೆಗೆ ಅಡ್ಡ ಸಾಲುಗಟ್ಟಿ ನಿಂತಿದ್ದರು. ಸಾಲಿನ ನಡುವೆ ಫೆತುವಿನ ತಮ್ಮ ಎಲೀಸೊ, ದೊಣ್ಣೆ ಹಿಡಿದುಕೊಂಡು.

“ಭಾವ, ಕೊನೆಗೂ ಕರ್ಕೊಂಡ್ ಬಂದ್ಯಲ್ಲ,” ಎಂದು ಎಲೀಸೊ ಕಿಟಕಿಯಲ್ಲಿ ಬಗ್ಗಿ ನೋಡಿದ. “ಆದ್ರೆ ಇಷ್ಟು ಜೋರಾಗಿ ಯಾಕೆ ಬರ್ತಿದ್ದೆ?”

“ಆತುರ ಕಣೋ,” ಎಂದ ಫಿಲೆಮು. ಅದು ಸುಳ್ಳಲ್ಲ.

ಹಿಂದಿನ ಸೀಟಿನಲ್ಲಿ ಕಲೈವಿ ಗೊರಕೆ ಹೊಡೆಯುತ್ತಿದ್ದ, ಹುಬ್ಬು ಎತ್ತಿಕೊಂಡೇ. ತರುಣರು ಅವನನ್ನು ಎಬ್ಬಿಸಿ, ಕೊರಳಿಗೆ ಹೂಮಾಲೆ ಹಾಕಿ, ಮೆರವಣಿಗೆಯಲ್ಲಿ ಸಭೆಮನೆಗೆ ಒಯ್ದು ಗೌರವದ ಕಂಬಕ್ಕೆ ಒರಗಿಸಿ ಕೂರಿಸಿದರು. ಊರು, ಪಕ್ಕದೂರು, ಆಕ್ಲೆಂಡು ಎಲ್ಲ ಸುತ್ತ ನೆರೆದಿತ್ತು. ಪ್ರಾರ್ಥನೆ ಮುಗಿಯಿತು. ಪ್ರುಡೆನ್ಸ್ ಕೂಡಲೇ ಎದ್ದು ನಿಂತಳು.

“ಇದೆಲ್ಲ ತಪ್ಪು ತಿಳುವಳಿಕೆ. ಕ್ಲೈವ್ ಯಾರಿಗೂ ಮಾತು ಕೊಟ್ಟಿಲ್ಲ. ನಾವು ಹೊರಡಬೇಕು.”

ಸಭೆ ತಣ್ಣಗಾಯಿತು. ಪಕ್ಕದೂರಿನವರ ಮುಖ ಅರಳಿತು. ಮಾನುಲೆಲೆ ನಿಧಾನವಾಗಿ ಕಲೈವಿಯ ಕಡೆ ತಿರುಗಿದರು.

“ಕೆಲಸದವರ ಮಾತು ನಮಗೆ ಬೇಡ. ದೊಡ್ಡವರೇ, ನೀವೇ ಹೇಳಿ. ನಮ್ಮ ಫಿಲೆಮುಗೆ ಬರ್ತೀನಿ ಅಂತ ಮಾತು ಕೊಟ್ಟಿದ್ರಾ?”

ಕಲೈವಿ ಸುಮ್ಮನೆ ನೋಡಿದ. ಹುಬ್ಬು ಮೇಲೆ.

“ಕೊಟ್ಟಿದಾರೆ,” ಎಂದಿತು ಸಭೆ. ಫಿಲೆಮುವಿಗೆ ಹೋದ ಜೀವ ಬಂತು.

ಪ್ರುಡೆನ್ಸ್ ಬುದ್ಧಿವಂತೆ. “ಹಾಗಾದ್ರೆ ಇನ್ನೊಂದು ಕೇಳಿ. ಈ ಡ್ರೈವರ್ ಸುಳ್ಳುಗಾರನಾ ಅಂತ ಕೇಳಿ,” ಎಂದಳು.

“ಇವನು ಸುಳ್ಳುಗಾರನಾ?” ಎಂದರು ಮಾನುಲೆಲೆ.

ಹುಬ್ಬು ಮೇಲೆ. ಫಿಲೆಮುವಿಗೆ ಬಂದ ಜೀವ ಹೋಯಿತು.

ಯಜಮಾನರು ಮುಖಮುಖ ನೋಡಿಕೊಂಡರು. ಮಾತು ಕೊಟ್ಟದ್ದು ನಿಜ, ಕೊಟ್ಟನೆಂದು ಹೇಳಿದವನು ಸುಳ್ಳುಗಾರ. ಸಭೆಮನೆ ಕಟ್ಟಿದಾಗಿನಿಂದ ಇಂಥ ತಿರುಗಣಿ ಅಲ್ಲಿಗೆ ಬಂದಿರಲಿಲ್ಲ. ಒಬ್ಬ ಯಜಮಾನ, ಇದರಲ್ಲೇನೋ ಒಳಾರ್ಥ ಇರಬೇಕು ಎಂದ. ಆಗ ತಲಿತಾ ಕೋಲೂರಿಕೊಂಡು ಎದ್ದು ಬಂದು ಕಲೈವಿಯ ಮುಂದೆ ನಿಂತರು. ಮುಖವನ್ನು ಹತ್ತಿರದಿಂದ ನೋಡಿದರು, ಮೀನು ಕೊಳ್ಳುವಾಗ ನೋಡುವ ಹಾಗೆ.

“ನೀನು ಹಂದಿಯೇನೋ?” ಎಂದು ಕೇಳಿದರು.

ಹುಬ್ಬು ಮೇಲೆ.

ಮೊದಲು ಮಕ್ಕಳು ನಕ್ಕರು, ಆಮೇಲೆ ಪಕ್ಕದೂರಿನವರು, ಕೊನೆಗೆ ಯಜಮಾನರು ಕಂಬ ಹಿಡಿದುಕೊಂಡು ನಕ್ಕರು. ಫಿಲೆಮು ಮಾತ್ರ ನಗಲಿಲ್ಲ. ಅವನು ಹೊರಗೆ ಬೆಣಚುಕಲ್ಲಿನ ಮೇಲೆ, ಹುಡುಗರ ಸಾಲಿನಲ್ಲಿ ತನ್ನ ಜಾಗದಲ್ಲಿ ಕುಸಿದು ಕೂತ. ಫೆತು ಪಕ್ಕದಲ್ಲಿ ಬಂದು ಕೂತಳು, ಹಂದಿಯ ಸುದ್ದಿ ಎತ್ತಲಿಲ್ಲ. ಅದರಿಂದ ಅವನಿಗೆ ಬೈಗುಳಕ್ಕಿಂತ ಹೆಚ್ಚು ನೋವಾಯಿತು.

ಇಷ್ಟು ಜನ ತನ್ನ ಮುಖ ನೋಡಿ ಯಾಕೆ ನಗುತ್ತಿದ್ದಾರೆ ಎಂದು ಕಲೈವಿಗೆ ಕುತೂಹಲವಾಯಿತು. ಜೇಬಿನಿಂದ ಯಂತ್ರ ತೆಗೆದು ಕಿವಿಗೆ ಸಿಕ್ಕಿಸಿಕೊಂಡು ಪ್ರುಡೆನ್ಸಳನ್ನು ಕೇಳಿದ. ಅವಳು ಎಲ್ಲ ಹೇಳಿದಳು. ಕಲೈವಿಯ ಮುಖ ಹಾಗೇ ಇತ್ತು, ಆದರೆ ಹೆಗಲು ಕುಲುಕತೊಡಗಿದವು. ಅದು ನಗು ಎಂದು ಗೊತ್ತಾಗುವುದಕ್ಕೆ ಜನರಿಗೆ ಸ್ವಲ್ಪ ಹೊತ್ತು ಹಿಡಿಯಿತು.

“ಯಾರಿಗೆ ಮಾತು ಕೊಟ್ಟೆ ನಾನು?” ಎಂದ.

ಫಿಲೆಮು ಎದ್ದು ನಿಂತ.

“ನೋಡಿ,” ಎಂದ ಕಲೈವಿ, “ನನ್ನ ಬಾಯಿ ಮೂರು ಸಲ ಇದೇ ಕಡೇದು ಅಂತ ಮಾತು ಕೊಟ್ಟಿದೆ. ನಾಲ್ಕು ಸಲ ಚರ್ಚಲ್ಲಿ ನಿಂತು ಸಾಯೋವರೆಗೂ ಜೊತೇಲಿರ್ತೀನಿ ಅಂದಿದೆ. ಒಂದೂ ಉಳಿಸ್ಕೊಂಡಿಲ್ಲ. ಹುಬ್ಬಾದ್ರೂ ಒಂದು ಮಾತು ಉಳಿಸ್ಕೊಳ್ಳಲಿ. ಪ್ರುಡೆನ್ಸ್, ವಿಮಾನ ನಾವು ಬಾಡಿಗೆಗೆ ತಗೊಂಡಿದ್ದಲ್ವಾ? ಕಾಯ್ಲಿ. ಆರು ತಿಂಗಳಿಂದ ನನಗೆ ಬರೀ ಸೊಪ್ಪು ತಿನ್ನಿಸ್ತಿದೀಯ. ಅಲ್ಲಿ ಬರ್ತಿರೋ ವಾಸನೆ ಏನದು?”

ಹಂದಿ ಬಂತು, ತೆಂಗಿನಹಾಲಿನಲ್ಲಿ ಬೇಯಿಸಿದ ಟಾರೊ ಎಲೆಯ ಪಲುಸಾಮಿ ಬಂತು. ಕಲೈವಿ ಬೆರಳು ನೆಕ್ಕಿಕೊಂಡು ಎದ್ದು, ಹೊಸ ಭವನದ ಪಟ್ಟಿ ಕತ್ತರಿಸಿ, ಮೈಕಿಲ್ಲದೆ ‘ಚಪ್ಪಲಿ’ ಹಾಡಿದ. ದನಿ ಎಣ್ಣೆ ಕಾಣದ ಬಾಗಿಲಿನಂತಿತ್ತು. ಎರಡನೇ ಸಾಲಿಗೆ ಅದು ಕೈಕೊಟ್ಟಾಗ ಗಾಯಕವೃಂದದವರು ನಾಲ್ಕು ದನಿಯಲ್ಲಿ ಎತ್ತಿಕೊಂಡರು. ಕಲೈವಿ ಹಾಡುವುದನ್ನು ನಿಲ್ಲಿಸಿ, ತನ್ನದೇ ಹಾಡನ್ನು ಹೊಸದೆಂಬಂತೆ ಕೇಳುತ್ತ ನಿಂತ. ಪ್ರುಡೆನ್ಸಳೂ ಮೂಗು ಒರೆಸಿಕೊಂಡಳು. ಪಕ್ಕದೂರಿನವರು ಊಟ ಮುಗಿಸಿ, ರಗ್ಬಿಯವನು ಹಾಡಿರಲಿಲ್ಲ ಎಂದು ಒಪ್ಪಿಕೊಂಡು ಹೋದರು.

ಅದೇ ರಾತ್ರಿ, ಕಲೈವಿ ಇನ್ನೊಂದು ತಟ್ಟೆ ಹಂದಿ ಹಿಡಿದು ಕೂತಿದ್ದಂತೆಯೇ, ಮತ್ತೆ ಸಭೆ ಸೇರಿದಾಗ ಮಾನುಲೆಲೆ ಹೊರಗೆ ನೋಡಿ, “ಫಿಲೆಮು, ಒಳಗೆ ಬಾ,” ಎಂದರು.

ನಾಯಿಯನ್ನು ಎಬ್ಬಿಸಿದರು. ಅದು ಬೇಸರದಿಂದ ಎದ್ದು ಹೋಗಿ ಬೆಣಚುಕಲ್ಲಿನ ಮೇಲೆ, ಫಿಲೆಮು ಕೂರುತ್ತಿದ್ದ ಜಾಗದಲ್ಲೇ ಮಲಗಿತು. ಫಿಲೆಮು ಕಂಬಕ್ಕೆ ಬೆನ್ನು ಕೊಟ್ಟ. ಬೆನ್ನಿನ ನೋವೆಲ್ಲ ಕಂಬಕ್ಕೆ ಇಳಿದ ಹಾಗಾಯಿತು. ಹೊರಗೆ ಫೆತು ಕಣ್ಣೊರೆಸಿಕೊಂಡು, ಹೊಗೆ ಎಂದಳು.

ಅಷ್ಟರಲ್ಲಿ ಕೋಲು ನೆಲಕ್ಕೆ ಬಡಿಯಿತು.

“ಇನ್ನೂ ಒಂದು ಮಾತು ಉಳಿದಿದೆ,” ಎಂದರು ತಲಿತಾ, ಕಲೈವಿಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ. ಅವರು ಯಾವಾಗಲೋ ಹೊಸ ಉದ್ದ ನಿಲುವಂಗಿ ತೊಟ್ಟು, ಕಿವಿಗೆ ಹೂ ಮುಡಿದು ಬಂದಿದ್ದರು. “ಹುಬ್ಬು ಕೊಟ್ಟ ಮಾತು ಉಳಿಸ್ಕೋತೀನಿ ಅಂತ ಎಲ್ಲರ ಮುಂದೆ ಹೇಳಿದಾನೆ. ಎಲ್ಲರೂ ಕೇಳಿದೀರಿ.”

“ಆ ಹುಬ್ಬು ಇನ್ನೇನು ಮಾತು ಕೊಟ್ಟಿದೆ?” ಎಂದು ಕಲೈವಿ ಹುರುಪಿನಿಂದಲೇ ಕೇಳಿದ. ಅವನ ತಟ್ಟೆಯಲ್ಲಿ ಇನ್ನೂ ಒಂದು ತುಂಡು ಇತ್ತು.

ಮಾನುಲೆಲೆ ಗಂಟಲು ಸರಿಮಾಡಿಕೊಂಡರು. ಅವರೂ ಇಂಗ್ಲಿಷಿನಲ್ಲೇ ಶುರುಮಾಡಿದರು.

“ಫಿಲೆಮು, ಇವತ್ತಿಂದ ನೀನು ಮತಾಯಿ. ಕಂಬಕ್ಕೆ ಬೆನ್ನು ಕೊಟ್ಟವನು ಸುಳ್ಳು ಹೇಳೋ ಹಾಗಿಲ್ಲ. ಹೇಳಿದ್ರೆ ಕಂಬ ಮತ್ತೆ ನಾಯಿಗೆ. ನನ್ನ ಅಕ್ಕನ್ನ ಮದುವೆ ಆಗ್ತೀಯಾ ಅಂತ ಇವರನ್ನ ಕೇಳಿದ್ಯಾ? ಇವರ ಹುಬ್ಬು ಮೇಲಿತ್ತಾ?”

ಸಭೆ ಫಿಲೆಮುವನ್ನು ನೋಡಿತು. ಕಲೈವಿ ತುತ್ತು ಕೈಯಲ್ಲೇ ಹಿಡಿದು ಅವನನ್ನು ನೋಡಿದ. ಕೋಲು ಹಿಡಿದ ತಲಿತಾ ನೋಡಿದರು. ಹೊರಗೆ ಬೆಣಚುಕಲ್ಲಿನ ಮೇಲೆ ನಾಯಿ ಆಸೆಯಿಂದ ತಲೆ ಎತ್ತಿತು. ಐವತ್ತು ವರ್ಷ ಬೇಕಾದದ್ದಕ್ಕೂ ಬೇಡದ್ದಕ್ಕೂ ಮಾತಾಡಿದ್ದ ಫಿಲೆಮುವಿಗೆ ಈಗ ಒಂದು ಅಕ್ಷರವೂ ಸಿಗಲಿಲ್ಲ. ಅವನು ಕಂಬವನ್ನು ಬೆನ್ನಿಂದ ಒಮ್ಮೆ ಒತ್ತಿ ನೋಡಿಕೊಂಡ. ಆಮೇಲೆ ತನ್ನ ಎರಡೂ ಹುಬ್ಬುಗಳನ್ನು ಮೆಲ್ಲಗೆ, ಹಣೆಯ ತುದಿಯವರೆಗೆ ಎತ್ತಿದ.

ಆಗ, ಮೂರು ಸಲದ ಹೊಲಿಗೆಯನ್ನೂ ಮೀರಿ, ಕಲೈವಿಯ ಹುಬ್ಬುಗಳು ಕೆಳಗಿಳಿದವು.

“ಸದ್ಯ,” ಎಂದು ತಲಿತಾ ಅವನ ಪಕ್ಕದಲ್ಲಿ ಕೂತರು. “ಈಗ ಯೋಚನೆ ಮಾಡೋಕೆ ಶುರು ಮಾಡಿದ.”